ಎಳೆಯ ನರಕೋಶ ಮತ್ತು ಸಾಗಣೆ ಪ್ರೋಟೀನು

ಸಾಹಿತ್ಯದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ನಮ್ಮ ಮಾತಿನಲ್ಲೇ ಹೇಳ್ತೀನಿ.

ನರಕೋಶಗಳು ಸುದ್ದಿ ಮುಟ್ಟಿಸೋದು ನರವಾಹಕ ಎಂಬ ರಾಸಾಯನಿಕಗಳಿಂದ. ಕೆಲಸ ಮುಗಿದ ಮೇಲೆ ಅವನ್ನು ಕೋಶದೊಳಕ್ಕೆ ಮರಳಿ ಎಳೆದುಕೊಳ್ಳುವುದು ಸಾಗಣೆ ಪ್ರೋಟೀನು. ಈ ಮರುಹೀರಿಕೆಯನ್ನು ತೋರಿಸಿದ ಜೂಲಿಯಸ್ ಆಕ್ಸೆಲ್‌ರಾಡ್ 1970ರ ನೊಬೆಲ್ ಹಂಚಿಕೊಂಡರು. ಇಂಥ ಪ್ರೋಟೀನುಗಳ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರವಿಂದ್ ಪೆನ್ಮತ್ಸ ಅವರ ತಂಡ ಅಧ್ಯಯನ ಮಾಡಿದೆ.

ಬೆಳೆಯುವ ಮಿದುಳಿನಲ್ಲಿ ಇದಕ್ಕೆ ಇನ್ನೊಂದು ಕೆಲಸವೂ ಉಂಟು. ಇಲಿಮರಿಯಲ್ಲಿ ಮೀಸೆಯ ಸ್ಪರ್ಶವನ್ನು ಮಿದುಳಿನ ಹೊರಪದರಕ್ಕೆ ಒಯ್ಯುವ ಥಲಾಮಸ್ ಕೋಶಗಳು ಸೆರೊಟೋನಿನ್ ತಯಾರಿಸೋದಿಲ್ಲ. ಆದ್ರೂ ಹುಟ್ಟಿದ ಮೊದಲ ದಿನಗಳಲ್ಲಿ ಅದರ ಸಾಗಣೆ ಪ್ರೋಟೀನನ್ನು ಹೊತ್ತು, ಸುತ್ತಲಿನ ಸೆರೊಟೋನಿನ್ ಹೀರುತ್ತವೆ. ಆ ಪ್ರೋಟೀನು ಇಲ್ಲದ ಇಲಿಗಳಲ್ಲಿ ಸೆರೊಟೋನಿನ್ ಕೋಶಗಳ ಹೊರಗೆ ಹೆಚ್ಚಾಗಿ ಉಳಿದು, ಒಂದೊಂದು ಮೀಸೆಗೂ ಒಂದೊಂದರಂತೆ ಮೂಡಬೇಕಾದ ಕೋಶಗುಚ್ಛಗಳು ಸರಿಯಾಗಿ ಬೇರ್ಪಡೋದಿಲ್ಲ. ಗೋನೆಗಂಡ್ಲದ ರೈತರಿಗಿದು ಹೊಸದಲ್ಲ: ನೀರು ಬಸಿಯದ ಹೊಲದಾಗ ಸಾಲು ಉಳಿಯಲ್ಲ.

ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ತಡೆಯೋದು ಇದೇ ಪ್ರೋಟೀನನ್ನು. ಹಂಗಂತ ಬಸುರಿಯರು ತಾವಾಗಿ ಮಾತ್ರೆ ಬಿಡಬಾರದು. ಇಲಿಯಲ್ಲಿ ಕಂಡದ್ದು ಮನುಷ್ಯರಿಗೆ ಹಾಗೇ ಅನ್ವಯಿಸಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿಗೂ ಮಗುವಿಗೂ ಅಪಾಯವೇ. ವೈದ್ಯರ ಜೊತೆ ಕೂತು ಎರಡನ್ನೂ ತೂಗಿ ನೋಡಬೇಕು.