ಕೆಂಡಕ್ಕೆ ಬೀಳುವ ನೆಣದ ಹನಿ

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇವರೆಗೆ ಅಮೆರಿಕದಲ್ಲಿ ಹಿತ್ತಲೇ ಅಡುಗೆಮನೆ. ಗ್ರಿಲ್ ಮೇಲೆ ಮಾಂಸ ಚುರುಗುಟ್ಟುತ್ತದೆ. ನೆಣ ಕರಗಿ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ. ಭಗ್ಗನೆ ಉರಿಯೆದ್ದು ಹೊಗೆ ಮಾಂಸವನ್ನು ಸವರುತ್ತದೆ. ಘಮವೇನೋ ಬಾಯಲ್ಲಿ ನೀರೂರಿಸುತ್ತದೆ. ಆದರೆ ಆರೋಗ್ಯದ ಲೆಕ್ಕ ಶುರುವಾಗುವುದೂ ಆ ಹನಿಯಿಂದಲೇ.

ಕೆಂಪು ಮಾಂಸವೆಂದರೆ ದನದ್ದು ಮಾತ್ರವಲ್ಲ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಈ ಬಣ್ಣ ಕೊಡುತ್ತದೆ. ಕುರಿ, ಮೇಕೆ, ಬೆಂದಾಗ ಬಿಳಿಚಿಕೊಳ್ಳುವ ಹಂದಿ ಕೂಡ ಇದೇ ಗುಂಪಿಗೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತು. ಹಾಟ್‌ಡಾಗ್, ಸಾಸೇಜ್, ಬೇಕನ್‌ಗಳಂಥ ಸಂಸ್ಕರಿತ ಮಾಂಸದ ವಿಷಯದಲ್ಲಿ ‘ಬಹುಶಃ’ ಎಂಬ ಮಾತೂ ಇಲ್ಲ. ಅದನ್ನು ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆಂಬುದು ಆ ತಜ್ಞರ ಅಂದಾಜು. ಹಾಗಾಗಿ ಗ್ರಿಲ್‌ಗೆ ತಾಜಾ ಮಾಂಸವೇ ಲೇಸು.

ಅದರಲ್ಲೂ ಯಾವ ಭಾಗ? ಹಿಂದೊಡೆಯ ‘ರೌಂಡ್’, ಸೊಂಟದ ಬಳಿಯ ‘ಟಾಪ್ ಸರ್ಲಾಯಿನ್’ ತುಂಡುಗಳಲ್ಲಿ ನೆಣ ಕಡಿಮೆ. ಪಕ್ಕೆಯ ‘ರಿಬ್ ಐ’ ತುಂಡಿನೊಳಗೆ ಬಿಳಿ ಗೆರೆಗಳು ಬಲೆಯಂತೆ ಹೆಣೆದಿರುತ್ತವೆ. ನಮ್ಮ ಬನ್ನೂರು ಕುರಿಯ ರುಚಿಗೆ ಹೆಸರು ತಂದದ್ದೂ ಇಂಥ ಒಳನೆಣವೇ. ಅಮೆರಿಕದ ಶ್ರೇಣಿಗಳಲ್ಲಿ ‘ಪ್ರೈಮ್’ಗೆ ಈ ಗೆರೆಗಳು ಹೆಚ್ಚು, ‘ಸೆಲೆಕ್ಟ್’ಗೆ ಕಡಿಮೆ, ಬೆಲೆ ಕಡಿಮೆಯದೇ ಇಲ್ಲಿ ಹೃದಯಕ್ಕೆ ಹಿತ. ಖೀಮಾ ಕೊಳ್ಳುವಾಗ ಪೊಟ್ಟಣದ ಮೇಲಿನ ಅಂಕಿ ನೋಡಬೇಕು. ಶೇ. 20 ಕೊಬ್ಬಿನ ಖೀಮಾದಿಂದ 113 ಗ್ರಾಮಿನ ಬರ್ಗರ್ ತಟ್ಟಿದರೆ ಅದರಲ್ಲಿ 23 ಗ್ರಾಂ ಕೊಬ್ಬು, ಶೇ. 7ರದ್ದಾದರೆ ಬರೀ 8 ಗ್ರಾಂ.

ಇನ್ನು ಬೆಂಕಿಯ ಕಥೆ. ನೆಣ ಕೆಂಡಕ್ಕೆ ಬಿದ್ದು ಉರಿದಾಗ ಪಿಎಎಚ್ ಎಂಬ ರಾಸಾಯನಿಕಗಳು ಹುಟ್ಟಿ ಹೊಗೆಯ ಜೊತೆ ಮಾಂಸಕ್ಕೆ ಅಂಟುತ್ತವೆ. ಸಿಗರೇಟಿನ ಹೊಗೆಯಲ್ಲಿರುವುದೂ ಇವೇ. ಎಚ್‌ಸಿಎ ಎಂಬ ಇನ್ನೊಂದು ಗುಂಪು ಹುಟ್ಟುವುದು ಮಾಂಸದೊಳಗೇ: ಸ್ನಾಯುವಿನ ಕ್ರಿಯಾಟಿನ್, ಅಮೈನೋ ಆಮ್ಲ, ಸಕ್ಕರೆಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಕೂಡಿಕೊಂಡಾಗ. ಎರಡೂ ಪ್ರಯೋಗಾಲಯದ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದಿವೆ. ಆದರೆ ಅವುಗಳಿಗೆ ಕೊಟ್ಟ ಪ್ರಮಾಣ ನಾವು ತಿನ್ನುವುದಕ್ಕಿಂತ ಬಹಳ ಹೆಚ್ಚು. ಮನುಷ್ಯರಲ್ಲಿ ಇದು ಇನ್ನೂ ಖಚಿತಪಟ್ಟಿಲ್ಲ.

ನೆಣ ಕಡಿಮೆಯಾದರೆ ಹನಿ ಕಡಿಮೆ, ಹೊಗೆಯೂ ಕಡಿಮೆ. ಆದರೆ ನೆಣವಿಲ್ಲದ ಮಾಂಸ ಬೇಗ ಒಣಗಿ ನಾರಾಗುತ್ತದೆಯಲ್ಲ? ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ಉಪಾಯವಿದೆ: ಮೊಸರು, ನಿಂಬೆರಸ, ಬೆಳ್ಳುಳ್ಳಿ, ಮಸಾಲೆ ಹಚ್ಚಿ ನೆನೆಸಿಡುವುದು. ಹೀಗೆ ನೆನೆಸಿದ ಮಾಂಸದಲ್ಲಿ ಎಚ್‌ಸಿಎ ಕಡಿಮೆ ಹುಟ್ಟುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ಸಿಹಿ ಬಾರ್ಬೆಕ್ಯೂ ಸಾಸ್ ಮಾತ್ರ ಬೇಗ ಸೀಯುತ್ತದೆ; ಅದನ್ನು ಕೊನೆಯ ಗಳಿಗೆಯಲ್ಲಿ ಸವರಿದರೆ ಸಾಕು.

ಬರ್ಗರನ್ನು ನಿಮಿಷಕ್ಕೊಮ್ಮೆ ಮಗುಚುತ್ತಿದ್ದರೆ ಮೇಲ್ಮೈ ಅತಿಯಾಗಿ ಕಾಯುವುದಿಲ್ಲ. ಕರಕಲಾದ ಭಾಗವನ್ನು ಕೆತ್ತಿ ಬಿಸಾಡಬೇಕು. ಹಾಗೆಂದು ಹಸಿಬಿಸಿ ತಿನ್ನುವುದೂ ಅಪಾಯ. ಇಡೀ ತುಂಡಿನ ಒಳಗಿನ ಕಾವು 63 ಡಿಗ್ರಿ ಮುಟ್ಟಿ, ಇಳಿಸಿದ ಮೇಲೆ ಮೂರು ನಿಮಿಷ ಹಾಗೇ ಇರಬೇಕು. ಖೀಮಾಕ್ಕೆ 71 ಡಿಗ್ರಿ ಬೇಕೇ ಬೇಕು, ಏಕೆಂದರೆ ಅರೆಯುವಾಗ ಹೊರಮೈಯ ಬ್ಯಾಕ್ಟೀರಿಯಾ ಒಳಗೆಲ್ಲ ಬೆರೆತಿರುತ್ತದೆ.

ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350ರಿಂದ 500 ಗ್ರಾಂ ದಾಟದಿರಲಿ ಎನ್ನುತ್ತದೆ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ. ಸಣ್ಣ ತುಂಡುಗಳ ಕಬಾಬ್ ಮಾಡಿ, ನಡುನಡುವೆ ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ ಚುಚ್ಚಿದರೆ ಈ ಮಿತಿ ಕಷ್ಟವೆನಿಸದು. ತುಂಡುಗಳು ಬೇಗ ಬೇಯುತ್ತವೆ. ತರಕಾರಿಯಲ್ಲಿ ಕ್ರಿಯಾಟಿನ್ ಇಲ್ಲದ್ದರಿಂದ ಎಚ್‌ಸಿಎ ಹುಟ್ಟುವ ಭಯವಿಲ್ಲ. ಅದರಿಂದ ಕೆಂಡಕ್ಕೆ ತೊಟ್ಟಿಕ್ಕುವ ನೆಣವೂ ಇಲ್ಲ.