ನಿಮಗಿದು ಗೊತ್ತೆ? ಭಾರತದ ಪೌರತ್ವಕ್ಕೆ ಕನ್ನಡ ಸಾಕು, ಇಂಗ್ಲಿಷ್ ಸಾಲದು!

ವಿದೇಶಿಯೊಬ್ಬರು ದೇಶೀಕರಣದ ಮೂಲಕ ಭಾರತದ ಪೌರತ್ವ ಪಡೆಯಲು ಇಲ್ಲಿ ನಿಗದಿತ ವರ್ಷ ನೆಲೆಸಿದ್ದರಷ್ಟೇ ಸಾಲದು, ಇಲ್ಲಿನ ಭಾಷೆಯೊಂದು ತಕ್ಕಮಟ್ಟಿಗೆ ಬರಬೇಕು. ಇದು 1955ರ ಪೌರತ್ವ ಕಾಯ್ದೆಯ ಮೂರನೇ ಅನುಸೂಚಿಯ ಷರತ್ತು.

ಹಾಗಂತ ಹಿಂದಿಯೇ ಆಗಬೇಕೆಂದಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದಾದರೂ ಆದೀತು. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಪಟ್ಟಿಯಲ್ಲಿದ್ದ 14 ಭಾಷೆಗಳಲ್ಲಿ ಕನ್ನಡವೂ ಒಂದು. ಹೀಗಾಗಿ ಮೈಸೂರಲ್ಲೋ ಧಾರವಾಡದಲ್ಲೋ ನೆಲೆಸಿ ಕನ್ನಡ ಕಲಿತ ವಿದೇಶಿಗೆ ಭಾಷೆಯ ಷರತ್ತು ತೊಡಕಾಗದು.

ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಅನುಕೂಲವಿಲ್ಲ, ಅದು ಪಟ್ಟಿಯಲ್ಲೇ ಇಲ್ಲ! ತುಳು, ಕೊಡವ ಭಾಷೆಗಳೂ ಇನ್ನೂ ಸೇರಿಲ್ಲ.

ವಿಜ್ಞಾನ, ಕಲೆ, ಸಾಹಿತ್ಯ, ವಿಶ್ವಶಾಂತಿಯಂಥ ಕ್ಷೇತ್ರಗಳಲ್ಲಿ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಕೇಂದ್ರ ಸರ್ಕಾರ ಈ ಷರತ್ತಿನಿಂದ ವಿನಾಯಿತಿ ನೀಡಬಹುದು.