ಕಾಂಡ್ಲಾ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು?



ಅಘನಾಶಿನಿ ಹೊಳೆಯ ದಂಡೆಯ ಮೇಲೆ ಹುಟ್ಟಿದವರಿಗೆ ಕಾಂಡ್ಲಾ ಗಿಡ ಹೊಸದಲ್ಲ. ಆದರೆ ಪಂಚಾಯ್ತಿಗೂ ಕಾಂಡ್ಲಾಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. "ಪಂಚಾಯ್ತಿ ಅಂದ್ರೆ ನಲ್ಲಿ ನೀರು, ಬೀದಿ ದೀಪ, ಮನೆ ತೆರಿಗೆ, ಅಷ್ಟೇ ಅಲ್ವಾ?" ಅಂತ. ಅಷ್ಟೇ ಅಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿಯೊಂದು ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮ ಪಂಚಾಯ್ತಿಯ ಸಮಿತಿಯಲ್ಲಿ ಕೆಲಸ ಮಾಡುವವರಲ್ಲಿ ನಾನೂ ಒಬ್ಬ. ನಾವು ಮಾಡುವ ಕೆಲಸ ಏನು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಅಳಿವೆ

ಶಿರಸಿಯ ಹತ್ತಿರ ಹುಟ್ಟುವ ಅಘನಾಶಿನಿ ಸುಮಾರು 120 ಕಿ.ಮೀ. ಹರಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಹೊಳೆಯ ಸಿಹಿನೀರು, ಸಮುದ್ರದ ಉಪ್ಪುನೀರು ಕೂಡುವ ಜಾಗವೇ ಅಳಿವೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬಳಚು, ಏಡಿ, ಶೆಟ್ಲಿ, ಕಾಗಳಸಿ ಮೀನು ಎಲ್ಲವೂ ಈ ನೀರಿನ ಆಟವನ್ನು ನಂಬಿ ಬದುಕುತ್ತವೆ. ಅವುಗಳನ್ನು ನಂಬಿ ನಾವು. 2024ರಲ್ಲಿ ನಮ್ಮ ಅಳಿವೆಯ 4801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಹೆಸರೇನೋ ಬಂತು. ಆದರೆ ಬೋರ್ಡು ಬರೆಸಿ ಹಾಕಿದ ಮಾತ್ರಕ್ಕೆ ಅಳಿವೆ ಉಳಿಯೋದಿಲ್ಲ.

ಕಾಂಡ್ಲಾದ ಉಪಕಾರ

ಸಾಮಾನ್ಯ ಗಿಡಕ್ಕೆ ಉಪ್ಪುನೀರು ಹಾಕಿದರೆ ಸತ್ತೇ ಹೋಗುತ್ತದೆ. ಕಾಂಡ್ಲಾ ಮಾತ್ರ ಉಪ್ಪುನೀರಲ್ಲೇ ನಿಂತಿರುತ್ತದೆ. ರೈಜೋಫೋರಾ ಜಾತಿಯ ಕಾಂಡ್ಲಾಕ್ಕೆ ಕೊಡೆಯ ಕಡ್ಡಿಗಳ ಹಾಗೆ ಬಾಗಿದ ಬೇರುಗಳು. ಅವಿಸೆನ್ನಿಯಾ ಜಾತಿಯದಕ್ಕೆ ಕೆಸರಿನಿಂದ ಮೇಲೆ ಚುಚ್ಚಿಕೊಂಡು ನಿಂತ ಪೆನ್ಸಿಲ್ಲಿನಂಥ ಬೇರುಗಳು. ಕೆಸರಿನೊಳಗೆ ಗಾಳಿ ಇಲ್ಲವಲ್ಲ, ಹಾಗಾಗಿ ಆ ಬೇರು ಮೇಲೆ ಬಂದು ಉಸಿರಾಡುತ್ತದೆ. ಅವಿಸೆನ್ನಿಯಾದ ಎಲೆಯನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪುಪ್ಪು! ಹೆಚ್ಚಾದ ಉಪ್ಪನ್ನು ಎಲೆಯೇ ಹೊರಗೆ ಹಾಕುತ್ತದೆ.

ಈ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಅಲೆಯ ಪೆಟ್ಟು ತಿನ್ನುತ್ತವೆ. ಬೇರುಗಳ ಸಂದಿಯಲ್ಲಿ ಮರಿಮೀನು, ಶೆಟ್ಲಿಮರಿ ಅಡಗಿ ಬೆಳೆಯುತ್ತವೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಭಾರೀ ಚಂಡಮಾರುತ ಬಡಿಯಿತು. ಕೇಂದ್ರಪಾಡಾ ಜಿಲ್ಲೆಯಲ್ಲಿ ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಇದ್ದ ಹಳ್ಳಿಗಳಲ್ಲಿ ಸಾವು ಕಡಿಮೆ ಆಗಿತ್ತು ಎಂದು ಆಮೇಲೆ ಲೆಕ್ಕ ಹಾಕಿದವರು ಕಂಡುಕೊಂಡರು.

ಹಾಗಾದರೆ ಎಲ್ಲ ಕಡೆ ನೆಟ್ಟುಬಿಡೋಣವೇ?

ಬೇಡ! ಈ ಲೇಖನದ ಮುಖ್ಯ ಮಾತೇ ಇದು.

ಇಳಿತದ ಹೊತ್ತಿಗೆ ಹೊಳೆಯ ನಡುವೆ ಬಯಲಿನ ಹಾಗೆ ಕೆಸರು ಕಾಣುತ್ತದೆ. "ಖಾಲಿ ಜಾಗ, ಗಿಡ ನೆಟ್ಟರೆ ಲೆಕ್ಕಕ್ಕೆ ಒಳ್ಳೇದು" ಎಂದು ನೋಡಿದವರಿಗೆ ಅನಿಸುವುದು ಸಹಜ. ನಮ್ಮ ಗ್ರಾಮ ಸಭೆಯಲ್ಲೂ ಅಂಥದೊಂದು ಸಲಹೆ ಬಂತು. ಆಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು, "ತಮ್ಮಾ, ಅಲ್ಲೆಲ್ಲ ಗಿಡ ನೆಟ್ರೆ ನಾವು ಬಳಚು ಎಲ್ಲಿ ತೆಗೆಯೂದು?" ಎಂದು ಕೇಳಿದರು. ಸಭೆ ಸುಮ್ಮನಾಯಿತು. ಆ ಕೆಸರು ಖಾಲಿ ಅಲ್ಲ. ಅದರೊಳಗೆ ಬಳಚು ಇದೆ. ಸೊಂಟದವರೆಗಿನ ನೀರಲ್ಲಿ ನಿಂತು ಅದನ್ನು ತೆಗೆದು ಮಾರಿ ಎಷ್ಟೋ ಹೆಂಗಸರು ಮನೆ ನಡೆಸುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ದೂರದಿಂದ ಬರುವ ಹಕ್ಕಿಗಳಿಗೂ ಅದೇ ಊಟದ ಬಟ್ಟಲು.

ಇನ್ನೊಂದು ಕಾರಣವೂ ಇದೆ. ಕಾಂಡ್ಲಾಕ್ಕೆ ನೀರು ಬಂದು ಹೋಗಬೇಕು, ನಿಂತೇ ಇರಬಾರದು. ತಗ್ಗಿನ ಕೆಸರು ದಿನದ ಬಹುಪಾಲು ಹೊತ್ತು ಮುಳುಗಿರುತ್ತದೆ. ಅಲ್ಲಿ ನೆಟ್ಟ ಎಳೆ ಗಿಡಕ್ಕೆ ಉಸಿರು ಕಟ್ಟುತ್ತದೆ. ಸಣ್ಣ ಚಿಪ್ಪಿನ ಜೀವಿಗಳು ಕಾಂಡಕ್ಕೆ ಅಂಟಿ ಭಾರಕ್ಕೆ ಬಾಗಿಸುತ್ತವೆ. ಉಳಿದದ್ದನ್ನು ಅಲೆ ಕೀಳುತ್ತದೆ. ಗಿಡವೂ ಇಲ್ಲ, ಬಳಚೂ ಇಲ್ಲ ಎಂದಾಗುತ್ತದೆ.

ಗಜನಿ ಕಟ್ಟೆಯ ಹೊರಗೆ

ಕೊನೆಗೆ ನಾವು ಆರಿಸಿದ್ದು ಗಜನಿ ಕಟ್ಟೆಯ ಹೊರಮಗ್ಗುಲು. ಹೊಳೆಯ ಪಕ್ಕದ ತಗ್ಗು ಗದ್ದೆಗೆ ಗಜನಿ ಎನ್ನುತ್ತಾರೆಂದು ನಿಮಗೆ ಗೊತ್ತು. ಮಳೆಗಾಲದಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಗಟ್ಟಿ ಜಾತಿ. ಸ್ವಲ್ಪ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದ್ದರೂ ಬದುಕುತ್ತದೆ. ಮಾಣಿಕಟ್ಟಾ ಕಡೆ ಇದನ್ನು ಉಳಿಸಿಕೊಂಡು ಬಂದ ರೈತರಿದ್ದಾರೆ. ಕೊಯ್ಲಾದ ಮೇಲೆ ಹಲಗೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಮೀನು, ಶೆಟ್ಲಿ ಒಳಗೆ ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಆಹಾರ.

ಇಷ್ಟೆಲ್ಲ ನಿಂತಿರುವುದು ಒಂದು ಮಣ್ಣಿನ ಕಟ್ಟೆಯ ಮೇಲೆ. ಕಟ್ಟೆ ಒಂದು ಕಡೆ ಒಡೆದರೂ ಇಡೀ ಗಜನಿ ಉಪ್ಪಾಗುತ್ತದೆ. ಹೊರಗೆ ಕಾಂಡ್ಲಾ ಸಾಲು ಇದ್ದರೆ ಅಲೆ ನೇರ ಕಟ್ಟೆಗೆ ಬಡಿಯುವುದಿಲ್ಲ. ಆದರೂ ಕೆಲವು ರೈತರಿಗೆ ಕಾಂಡ್ಲಾ ಕಂಡರೆ ಭಯ. ಅದು ಸುಳ್ಳು ಭಯವಲ್ಲ. ಕಟ್ಟೆ ಒಡೆದು ಪಾಳು ಬಿದ್ದ ಗಜನಿಯೊಳಗೆ ಕಾಂಡ್ಲಾ ತಾನಾಗಿಯೇ ಬೆಳೆಯುತ್ತದೆ. ಬೆಳೆದ ಮೇಲೆ ಕಡಿಯಲು ಕಾನೂನು ಬಿಡುವುದಿಲ್ಲ, ಗದ್ದೆ ಮತ್ತೆ ಗದ್ದೆ ಆಗುವುದು ಕಷ್ಟ. ಅದಕ್ಕೇ "ಕಟ್ಟೆಯ ಹೊರಗೆ ಕಾಂಡ್ಲಾ, ಒಳಗೆ ಕಗ್ಗ, ನಡುಹೊಳೆಯಲ್ಲಿ ಬಳಚು" ಎಂದು ಎಲ್ಲರ ಎದುರು ಮಾತಾಯಿತು. ಗಿಡ ನೆಡೋದು ಎರಡು ದಿನದ ಕೆಲಸ. ಈ ಮಾತಿಗೆ ಎಲ್ಲರನ್ನೂ ತರೋದಕ್ಕೆ ಒಂದು ವರ್ಷ ಬೇಕಾಯಿತು.

ನೆಡುವ ಕ್ರಮ

ರೈಜೋಫೋರಾದ ಬೀಜ ಮರದಲ್ಲಿರುವಾಗಲೇ ಮೊಳಕೆಯೊಡೆದು ನುಗ್ಗೆಕಾಯಿಯ ಹಾಗೆ ಜೋತಾಡುತ್ತದೆ. ಮಳೆಗಾಲದಲ್ಲಿ ಬಲಿತು ಉದುರುತ್ತದೆ. ಹುಳ ತಿನ್ನದ, ಮುರಿಯದ ಕೋಡುಗಳನ್ನು ಆರಿಸಿ, ಇಳಿತದ ಹೊತ್ತಿಗೆ ಮೊನೆ ಕೆಳಗಾಗುವಂತೆ ಮೂರರಲ್ಲೊಂದು ಪಾಲು ಕೆಸರಿಗೆ ಊರಬೇಕು. ಆಮೇಲೆ ದನ ನುಗ್ಗದಂತೆ ನೋಡಿಕೊಳ್ಳಬೇಕು. ಬಲೆಯ ಚೂರು, ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಂಡರೆ ಬಿಡಿಸಬೇಕು. ಸತ್ತ ಗಿಡದ ಜಾಗಕ್ಕೆ ಮುಂದಿನ ಮಳೆಗೆ ಬೇರೆ ಹಾಕಬೇಕು. ಎಷ್ಟು ನೆಟ್ಟೆವು ಅನ್ನೋದಕ್ಕಿಂತ ಮೂರು ವರ್ಷದ ಮೇಲೆ ಎಷ್ಟು ಉಳಿದವು ಅನ್ನೋದೇ ನಿಜವಾದ ಲೆಕ್ಕ.

ಕಾಗದದ ಕೆಲಸ

1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. 2011ರಲ್ಲಿ, 2019ರಲ್ಲಿ ಅದನ್ನು ಹೊಸದಾಗಿ ಹೊರಡಿಸಿದರು. ಮೂರರಲ್ಲೂ ಕಾಂಡ್ಲಾ ಕಾಡು ಅತಿ ಹೆಚ್ಚು ರಕ್ಷಣೆಯ ವರ್ಗದಲ್ಲಿದೆ. ಆದರೆ ಯಾವ ಜಾಗದಲ್ಲಿ ಏನಿದೆ ಎಂದು ಬರೆದಿಡದಿದ್ದರೆ ಕಾನೂನು ಎಲ್ಲಿಗೆ ತಾಗುತ್ತದೆ? ಅದಕ್ಕಾಗಿ ನಮ್ಮ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಬರೆಯುತ್ತದೆ. ಬಳಚು ಎಲ್ಲಿ ಸಿಗುತ್ತದೆ, ಯಾವ ಮೀನು ಯಾವ ತಿಂಗಳು ಮೊಟ್ಟೆ ಇಡುತ್ತದೆ, ಯಾವ ಗಿಡ ಯಾವ ಮದ್ದಿಗೆ ಬರುತ್ತದೆ, ಎಲ್ಲವನ್ನೂ ಊರಿನವರನ್ನು ಕೇಳಿಯೇ ಬರೆಯಬೇಕು. ನಾಳೆ ಯಾರಾದರೂ ಬಂದು "ಇದು ಖಾಲಿ ಜಾಗ" ಎಂದರೆ ತೆರೆದು ತೋರಿಸಲು ನಮ್ಮ ಕೈಯಲ್ಲಿರುವುದು ಆ ಪುಸ್ತಕ.

ನೀವು ಮಾಡಬಹುದಾದದ್ದು

1. ನಿಮ್ಮ ಅಜ್ಜ, ಅಜ್ಜಿ, ಆಯಿಯನ್ನು ಕೇಳಿ ಹತ್ತು ಮೀನು, ಐದು ಬಗೆಯ ಚಿಪ್ಪಿನ ಹೆಸರು ಬರೆದುಕೊಂಡು ಬನ್ನಿ. ಹಿಂದೆ ಸಿಗುತ್ತಿತ್ತು, ಈಗ ಇಲ್ಲ ಅನ್ನುವುದನ್ನು ಬೇರೆಯಾಗಿ ಬರೆಯಿರಿ. ದಾಖಲಾತಿಗೆ ಸೇರಿಸುತ್ತೇವೆ.

2. ಸಣ್ಣ ಬಳಚು ಸಿಕ್ಕರೆ ನೀರಿಗೇ ಬಿಡಿ. ಬೆಳೆಯಲಿ.

3. ಮಕ್ಕಳ ಗ್ರಾಮ ಸಭೆಯಲ್ಲಿ ಆಟದ ಸಾಮಾನಿನ ಜೊತೆಗೆ ಹೊಳೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿ. ಉತ್ತರ ಕೊಡುವುದು ನಮ್ಮ ಕರ್ತವ್ಯ.

4. ಜುಲೈ ತಿಂಗಳಲ್ಲಿ ಕೋಡು ಆರಿಸುವ ಕೆಲಸಕ್ಕೆ ಕೈಗಳು ಬೇಕು. ಮನೆಯಲ್ಲಿ ಕೇಳಿ, ಹಳೇ ಬಟ್ಟೆ ಹಾಕಿಕೊಂಡು, ಮಾಸ್ತರ ಜೊತೆಗೇ ಬನ್ನಿ.